ಬರ್ನಿನಾದ ಏರು, ಪರದೆಯ ಮೇಲೆ

ಸ್ವಿಟ್ಜರ್ಲೆಂಡಿನ ಸೇಂಟ್ ಮೊರಿಟ್ಜ್‌ನಿಂದ ಇಟಲಿಯ ಗಡಿಯೂರು ತಿರಾನೊವರೆಗಿನ ಬರ್ನಿನಾ ರೈಲು ಹಾದಿ ಬರೀ 61 ಕಿಲೋಮೀಟರ್ ಉದ್ದದ್ದು. ಮೀಟರ್ ಗೇಜ್, ಒಂಟಿ ಹಳಿ. 1775 ಮೀಟರ್ ಎತ್ತರದಲ್ಲಿ ಹೊರಟ ಗಾಡಿ 2253 ಮೀಟರ್ ಎತ್ತರದ ಒಸ್ಪಿಜಿಯೊ ಬರ್ನಿನಾ ನಿಲ್ದಾಣಕ್ಕೆ ಹತ್ತಿ, ಅಲ್ಲಿಂದ 429 ಮೀಟರ್ ಎತ್ತರದಲ್ಲಿರುವ ತಿರಾನೊಗೆ ಇಳಿಯುತ್ತದೆ. ಹಲ್ಲುಹಳಿ ಎಲ್ಲೂ ಇಲ್ಲ. ಬೆಟ್ಟ ಹತ್ತುವುದೂ ಇಳಿಯುವುದೂ ಗಾಲಿ ಮತ್ತು ಹಳಿಯ ನಡುವಿನ ಹಿಡಿತದ ಬಲದಿಂದಲೇ. 1908ರಿಂದ 1910ರ ನಡುವೆ ಹಂತಹಂತವಾಗಿ ತೆರೆದ ಈ ಹಾದಿಯನ್ನು ಪಕ್ಕದ ಆಲ್ಬುಲಾ ಹಾದಿಯೊಂದಿಗೆ ಸೇರಿಸಿ 2008ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ತೆಗೆದುಕೊಂಡಿತು.

ಕಂಪ್ಯೂಟರಿನಲ್ಲಿ ರೈಲು ಓಡಿಸುವ ಹವ್ಯಾಸದವರು ಈ ಹಾದಿಯನ್ನು ಬಿಟ್ಟೂ ಬಿಡದೆ ಹಿಡಿದುಕೊಂಡಿದ್ದಾರೆ. ಒಂದು ಸಿಮ್ಯುಲೇಟರಿನಲ್ಲಿ ಕಟ್ಟಿಯಾದ ಮೇಲೆ ಇನ್ನೊಂದರಲ್ಲಿ ಮತ್ತೆ ಬುಡದಿಂದ ಕಟ್ಟಿದ್ದಾರೆ. ಬರ್ನಿನಾ, ಅದರ ನೆಂಟ ಹಾದಿಗಳಾದ ಆಲ್ಬುಲಾ ಮತ್ತು ಆರೋಸಾ, ಈ ಮೂರೂ ರೇಟಿಯನ್ ರೈಲ್ವೆಗೆ ಸೇರಿದವು. ಈ ಹಾದಿಗಳ ಬೇರೆ ಬೇರೆ ಆವೃತ್ತಿಗಳನ್ನು ಪಕ್ಕಪಕ್ಕ ಇಟ್ಟು ನೋಡುವವರು ಸಾಮಾನ್ಯವಾಗಿ ಚಿತ್ರದ ಬಗ್ಗೆ ಮಾತಾಡುತ್ತಾರೆ: ಹಿಮ ಹೇಗೆ ಹೊಳೆಯುತ್ತದೆ, ಮರಗಳು ಎಷ್ಟು ದಟ್ಟ, ನಿಲ್ದಾಣದ ಗೋಡೆಯ ಬಣ್ಣ ಸರಿಯಿದೆಯೆ. ನನಗೆ ಮುಖ್ಯವೆನಿಸುವುದು ಬೇರೆ. ಬೆಟ್ಟದ ರೈಲನ್ನು ಬೆಟ್ಟದ ರೈಲಾಗಿಸುವುದು ಏರು. ಆ ಏರು ಓಡಿಸುವವನ ಕೈಗೆ ಗೊತ್ತಾಗಬೇಕು. ಕಣ್ಣಿಗೆ ಆಲ್ಪ್ಸ್ ಕಂಡು, ಕೈಗೆ ಬಯಲುಸೀಮೆ ಸಿಕ್ಕರೆ ಆ ಆವೃತ್ತಿ ಅರ್ಧ ಕೆಲಸವನ್ನಷ್ಟೇ ಮಾಡಿದೆ ಎಂಬುದು ನನ್ನ ನಿಲುವು. ಈ ಲೇಖನದ ತಕ್ಕಡಿಯೂ ಅದೇ.

ಏರಿನ ಲೆಕ್ಕವನ್ನು ಮೊದಲು ನೋಡೋಣ. ಬರ್ನಿನಾದ ಅತಿ ಕಡಿದಾದ ಏರು ಸಾವಿರಕ್ಕೆ 70. ಸಾವಿರ ಮೀಟರ್ ಸಾಗಿದರೆ 70 ಮೀಟರ್ ಮೇಲೆ. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿನಲ್ಲಿ ಏರು 50ಕ್ಕೆ 1, ಅಂದರೆ ಸಾವಿರಕ್ಕೆ 20. ಅಷ್ಟಕ್ಕೇ ಅಲ್ಲಿ ಗೂಡ್ಸ್ ಗಾಡಿಗಳ ಹಿಂದೆ ಬ್ಯಾಂಕರ್ ಎಂಜಿನ್ ಕಟ್ಟಿ ತಳ್ಳಬೇಕಾಗುತ್ತದೆ. ಬರ್ನಿನಾದ ಏರು ಅದರ ಮೂರೂವರೆ ಪಟ್ಟು. ನೂರು ಟನ್ ತೂಕದ ಗಾಡಿ ಸಾವಿರಕ್ಕೆ 70ರ ಏರಿನಲ್ಲಿ ನಿಂತಿದ್ದರೆ ಅದನ್ನು ಕೆಳಕ್ಕೆ ಎಳೆಯುವ ಬಲ ಏಳು ಟನ್ ಭಾರಕ್ಕೆ ಸಮ. ಇಳಿಯುವಾಗ ಗಂಟೆಗೆ 30 ಕಿ.ಮೀ. ವೇಗದಲ್ಲಿರುವ ಗಾಡಿಗೆ ಹತ್ತು ಸೆಕೆಂಡ್ ಬ್ರೇಕ್ ಇಲ್ಲವೆಂದುಕೊಳ್ಳಿ, ವೇಗ 50ರ ಆಸುಪಾಸಿಗೆ ಬಂದಿರುತ್ತದೆ. ಅದೇ ಗಾಡಿ ಒಸ್ಪಿಜಿಯೊದಿಂದ ತಿರಾನೊವರೆಗೆ 1824 ಮೀಟರ್ ಇಳಿಯುವಷ್ಟರಲ್ಲಿ ಸುಮಾರು 500 ಯೂನಿಟ್ ವಿದ್ಯುತ್ತಿಗೆ ಸಮನಾದ ಶಕ್ತಿಯನ್ನು ಎಲ್ಲಾದರೂ ಕಳೆದುಕೊಳ್ಳಲೇಬೇಕು. ಬ್ರೇಕಿನ ಬಿಸಿಯಾಗಿಯೋ, ಮೋಟಾರಿನ ಮೂಲಕ ಪ್ರತಿರೋಧಕಗಳಲ್ಲಿ ಉರಿದೋ, ತಂತಿಗೆ ಮರಳಿಯೋ ಅದು ಹೋಗುತ್ತದೆ. ಸಿಮ್ಯುಲೇಟರ್ ಬರೆದವರು ಈ 500 ಯೂನಿಟ್ಟಿಗೆ ದಾರಿ ತೋರಿಸಿದ್ದಾರೆಯೆ ಎಂದು ಕೇಳುವುದು, ಪೈನ್ ಮರದ ಎಲೆ ಚೆನ್ನಾಗಿದೆಯೆ ಎಂದು ಕೇಳುವುದಕ್ಕಿಂತ ದೊಡ್ಡ ಪ್ರಶ್ನೆ.

ಹತ್ತುವಾಗ ತೊಡಕು ಇನ್ನೊಂದು ಬಗೆಯದು. ಉಕ್ಕಿನ ಗಾಲಿ ಉಕ್ಕಿನ ಹಳಿಯನ್ನು ಹಿಡಿಯುವ ಶಕ್ತಿಗೆ ಮಿತಿಯಿದೆ. ಒಣ ಹಳಿಯ ಮೇಲೆ, ಚಾಲಕ ಗಾಲಿಗಳ ಮೇಲಿರುವ ತೂಕದ ಮೂರನೇ ಒಂದು ಭಾಗದಷ್ಟು ಎಳೆತ ಸಿಗಬಹುದು. ಒದ್ದೆ ಹಳಿಯಲ್ಲಿ ಅದು ಅರ್ಧಕ್ಕೂ ಇಳಿಯಬಹುದು. ಇಡೀ ಗಾಡಿಯ ತೂಕದಲ್ಲಿ ಅರ್ಧ ಮಾತ್ರ ಮೋಟಾರ್ ಇರುವ ಗಾಲಿಗಳ ಮೇಲಿದ್ದರೆ, ಸಾವಿರಕ್ಕೆ 70ರ ಏರಿಗೆ ಆ ತೂಕದ ಸೇಕಡಾ 14ರಷ್ಟು ಎಳೆತ ಬೇಕು. ಅದರ ಮೇಲೆ ತಿರುವಿನ ಪ್ರತಿರೋಧ ಸೇರುತ್ತದೆ. ಬರ್ನಿನಾದ ಅತಿ ಬಿಗಿ ತಿರುವುಗಳ ತ್ರಿಜ್ಯ ಬರೀ 45 ಮೀಟರ್. ಅಂದರೆ ಒದ್ದೆ ದಿನ ಅಥವಾ ಹಿಮ ಬಿದ್ದ ದಿನ ಗಾಡಿ ಹಿಡಿತದ ಅಂಚಿನಲ್ಲೇ ಓಡುತ್ತಿರುತ್ತದೆ. ಚಾಲಕ ಹ್ಯಾಂಡಲನ್ನು ಒಂದು ಹಂತ ಹೆಚ್ಚು ತಿರುಗಿಸಿದರೂ ಗಾಲಿ ಜಾರಬಹುದು. ಮಳೆ ಬಂದಾಗ ಪರದೆಯ ಮೇಲೆ ನೀರ ಹನಿ ಮಾತ್ರ ಬಿದ್ದು, ಗಾಡಿ ಒಣ ಹಗಲಿನಂತೆಯೇ ಹತ್ತಿಕೊಂಡು ಹೋಗುವ ಆವೃತ್ತಿಯಲ್ಲಿ ಹವಾಮಾನ ಬರೀ ಬಣ್ಣ.

ಇನ್ನು ನೆಲದ ಮಾತು. ಹೆಚ್ಚಿನ ಸಿಮ್ಯುಲೇಟರ್‌ಗಳು ಭೂಮಿಯನ್ನು ಎತ್ತರದ ಬಿಂದುಗಳ ಜಾಲವಾಗಿ ಇಟ್ಟುಕೊಳ್ಳುತ್ತವೆ. ಇಷ್ಟಿಷ್ಟು ಮೀಟರಿಗೆ ಒಂದು ಬಿಂದು, ಪ್ರತಿ ಬಿಂದುವಿಗೆ ಒಂದೇ ಎತ್ತರ. ಬಯಲಿನಲ್ಲಿ ಇದು ಸೊಗಸಾಗಿ ನಡೆಯುತ್ತದೆ. ಬೆಟ್ಟದಲ್ಲಿ ಕೈಕೊಡುತ್ತದೆ. 2001ರಲ್ಲಿ ಬಂದ ಮೈಕ್ರೋಸಾಫ್ಟ್ ಟ್ರೇನ್ ಸಿಮ್ಯುಲೇಟರ್‌ನಲ್ಲಿ ಈ ಬಿಂದುಗಳ ನಡುವಿನ ಅಂತರ 8 ಮೀಟರ್. ಆಸ್ಟ್ರೇಲಿಯಾದ ಟ್ರೇನ್ಜ್‌ನಲ್ಲಿ ಮೊದಲು 10 ಮೀಟರ್, ಆಮೇಲೆ 5. ಬರ್ನಿನಾದ ಹಳಿ ಹಲವೆಡೆ ಕೂತಿರುವುದು ಬಂಡೆ ಕಡಿದು ಮಾಡಿದ ಕಿರಿದಾದ ಅಟ್ಟಣೆಯ ಮೇಲೆ. ಒಂದು ಕಡೆ ನೆಟ್ಟಗೆ ಗೋಡೆ, ಇನ್ನೊಂದು ಕಡೆ ಪ್ರಪಾತ. ಆ ಇಡೀ ಅಟ್ಟಣೆ ಜಾಲದ ಎರಡು ಬಿಂದುಗಳ ನಡುವೆ ಬಿದ್ದು ಕಾಣೆಯಾಗುತ್ತದೆ. ಕಟ್ಟುವವರು ಹಳಿಗೆ ಜಾಗ ಮಾಡಲೆಂದು ನೆಲವನ್ನು ಅಗಲಿಸುತ್ತಾರೆ. ಆಗ ಕಣಿವೆಯ ಅಂಚು ಹತ್ತು ಮೀಟರ್ ದೂರ ಸರಿಯುತ್ತದೆ, ಗೋಡೆ ಒಂದು ಹುಲ್ಲಿನ ಇಳಿಜಾರಾಗುತ್ತದೆ, ಕಿಟಕಿಯಿಂದ ಕೆಳಗೆ ನೋಡಿದರೆ ಎದೆ ಝಲ್ಲೆನ್ನುವುದಿಲ್ಲ. ಬಂಡೆಯ ಚಾಚು, ಹಿಮಪಾತ ತಡೆಯುವ ಗ್ಯಾಲರಿ, ಸುರಂಗದ ಬಾಯಿ ಇವೆಲ್ಲ ಒಂದೇ ಬಿಂದುವಿಗೆ ಎರಡು ಎತ್ತರ ಬೇಡುವ ಜಾಗಗಳು. ಅವನ್ನು ಬೇರೆಯಾಗಿ ಮಾದರಿ ಮಾಡಿ ಕೂರಿಸಬೇಕು. ಎಷ್ಟು ತಾಳ್ಮೆಯಿಂದ ಕೂರಿಸಿದ್ದಾರೆ ಎಂಬುದರಲ್ಲಿ ಆವೃತ್ತಿಗಳ ನಡುವಿನ ವ್ಯತ್ಯಾಸ ಬಹಳಷ್ಟು ಕಾಣುತ್ತದೆ.

ಎತ್ತರದ ಮಾಹಿತಿಯ ಮೂಲವೂ ಅಷ್ಟೇ ಮುಖ್ಯ. 2000ದಲ್ಲಿ ಬಾಹ್ಯಾಕಾಶ ನೌಕೆಯಿಂದ ರೇಡಾರ್ ಮೂಲಕ ಅಳೆದ ಜಾಗತಿಕ ಮಾಹಿತಿ ಹವ್ಯಾಸಿಗಳಿಗೆ ಬಹುಕಾಲ ಸಿಕ್ಕಿದ್ದು ಸುಮಾರು 90 ಮೀಟರಿಗೊಂದು ಬಿಂದುವಿನಂತೆ. ಬ್ರೂಸಿಯೊದ ಪ್ರಸಿದ್ಧ ಸುರುಳಿ ಸೇತುವೆಯ ತ್ರಿಜ್ಯ 70 ಮೀಟರ್. ಒಂಬತ್ತು ಕಮಾನುಗಳ ಆ ಸೇತುವೆಯ ಮೇಲೆ ಸಾಗಿದ ಗಾಡಿ ಪೂರ್ತಿ ಒಂದು ಸುತ್ತು ಬಂದು ಅದರದೇ ಕಮಾನಿನ ಕೆಳಗೆ ನುಸುಳುತ್ತದೆ. ಅಷ್ಟೂ ವೃತ್ತ 90 ಮೀಟರ್ ಜಾಲದಲ್ಲಿ ಎರಡು ಬಿಂದುಗಳಿಗೆ ಸರಿ. ಅಂಥ ಮಾಹಿತಿಯಿಂದ ಹೊರಟವರು ಆ ಜಾಗವನ್ನು ಫೋಟೊ ನೋಡಿ ಕೈಯಾರೆ ತಿದ್ದಲೇಬೇಕಿತ್ತು. ಸ್ವಿಸ್ ಸರ್ಕಾರದ ಭೂಮಾಪನ ಸಂಸ್ಥೆ ಸ್ವಿಸ್‌ಟೋಪೊ ತನ್ನ ಮಾಹಿತಿಯನ್ನು 2021ರ ಮಾರ್ಚ್ 1ರಿಂದ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿದೆ. ಅದರಲ್ಲಿ ಅರ್ಧ ಮೀಟರಿಗೊಂದು ಎತ್ತರದ ಬಿಂದು ಸಿಗುತ್ತದೆ; ಅಟ್ಟಣೆ, ಗೋಡೆ, ತೊರೆಯ ಪಾತ್ರ ಎಲ್ಲ ಬಿಡಿಬಿಡಿಯಾಗಿ ಕಾಣುತ್ತವೆ. ಇದಕ್ಕೆ ಹಿಂದಿನ ಮತ್ತು ಮುಂದಿನ ಆವೃತ್ತಿಗಳನ್ನು ಒಂದೇ ಮಾನದಂಡದಿಂದ ಅಳೆಯುವುದು ಹಿಂದಿನವರಿಗೆ ಅನ್ಯಾಯ.

ಮೈಕ್ರೋಸಾಫ್ಟ್ ಟ್ರೇನ್ ಸಿಮ್ಯುಲೇಟರ್ ತನ್ನ ಡಬ್ಬಿಯಲ್ಲಿ ಸ್ವಿಸ್ ಹಾದಿಯನ್ನು ಕೊಟ್ಟಿರಲಿಲ್ಲ. ಆಲ್ಪ್ಸ್ ಎಂದರೆ ಅದರಲ್ಲಿ ಇದ್ದದ್ದು ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಿಂದ ಸೇಂಟ್ ಆಂಟನ್‌ವರೆಗಿನ ಹಾದಿ. ಇನ್ನೊಂದು ಹಾದಿ ಟೋಕಿಯೊದಿಂದ ಹಕೋನೆಯವರೆಗಿನದು. ಆ ಹಾದಿ ಮುಗಿಯುವಲ್ಲಿಂದ ಮುಂದಕ್ಕೆ ಬೆಟ್ಟ ಹತ್ತುವ ಹಕೋನೆ ತೊಜಾನ್ ರೈಲ್ವೆಯನ್ನು ಜಪಾನೀಯರು ಬರ್ನಿನಾವನ್ನು ಮಾದರಿಯಾಗಿಟ್ಟುಕೊಂಡು ಕಟ್ಟಿದ್ದರು, 1979ರಿಂದ ಅದು ರೇಟಿಯನ್ ರೈಲ್ವೆಯ ಸೋದರ ರೈಲ್ವೆ. ಹೀಗೆ ಬರ್ನಿನಾದ ನೆರಳು ಆ ಮೊದಲ ಡಬ್ಬಿಯ ಹೊಸ್ತಿಲವರೆಗೆ ಬಂದು ನಿಂತಿತ್ತು. ಆ ಸಿಮ್ಯುಲೇಟರಿನಲ್ಲಿ ಹಳಿ ಜೋಡಿಸುತ್ತಿದ್ದದ್ದು ಮೊದಲೇ ಅಳತೆ ಮಾಡಿಟ್ಟ ತುಂಡುಗಳಿಂದ. ನೇರ ಹಳಿಯಿಂದ ತಿರುವಿಗೆ ಮೆಲ್ಲಗೆ ಬಾಗುವ ಸಂಕ್ರಮಣ ಭಾಗ ಅದರಲ್ಲಿ ಇರಲಿಲ್ಲ. ಗಾಡಿ ತಿರುವಿಗೆ ಸಿಕ್ಕೊಡನೆ ಒಮ್ಮೆಗೇ ಹೊರಳುತ್ತಿತ್ತು. ಬರೀ ತಿರುವುಗಳಿಂದಲೇ ಆದ ಬೆಟ್ಟದ ಹಾದಿಗೆ ಇದು ದೊಡ್ಡ ಕೊರತೆ. ಅದೇ ಕಡತಗಳನ್ನು ಓದಬಲ್ಲ ಮುಕ್ತ ತಂತ್ರಾಂಶ ಓಪನ್ ರೇಲ್ಸ್ ಮುಂದೆ ಹಿಡಿತದ, ಬ್ರೇಕಿನ, ತಿರುವಿನ ಪ್ರತಿರೋಧದ ಲೆಕ್ಕವನ್ನು ಎಷ್ಟೋ ಉತ್ತಮಪಡಿಸಿತು. ಚಿತ್ರ ಹಳೆಯದು, ಭೌತಶಾಸ್ತ್ರ ಹೊಸದು. ನನ್ನ ತಕ್ಕಡಿಯಲ್ಲಿ ಇದಕ್ಕೆ ತೂಕ ಹೆಚ್ಚು.

ಬರ್ನಿನಾ ಪೂರ್ತಿಯಾಗಿ, ಕೈಗೆಟಕುವ ಬೆಲೆಯಲ್ಲಿ, ದೊಡ್ಡ ಸಂಖ್ಯೆಯ ಜನರಿಗೆ ಸಿಕ್ಕಿದ್ದು ಈಗ ಟ್ರೇನ್ ಸಿಮ್ಯುಲೇಟರ್ ಕ್ಲಾಸಿಕ್ ಎಂದು ಕರೆಸಿಕೊಳ್ಳುವ ವೇದಿಕೆಯಲ್ಲಿ. ಅದರ ಬೇರು 2007ರ ರೈಲ್ ಸಿಮ್ಯುಲೇಟರ್‌ನಲ್ಲಿದೆ. ಥಾಮ್ಸನ್ ಇಂಟರಾಕ್ಟಿವ್ ಎಂಬ ಸಂಸ್ಥೆ ಇದಕ್ಕಾಗಿ ಸೇಂಟ್ ಮೊರಿಟ್ಜ್–ಥೂಸಿಸ್ ನಡುವಿನ ಆಲ್ಬುಲಾ ಹಾದಿಯನ್ನೂ, ಸೇಂಟ್ ಮೊರಿಟ್ಜ್‌ನಿಂದ ಪೊಸ್ಕಿಯಾವೊವರೆಗೆ ಬರ್ನಿನಾ ಪಾಸನ್ನೂ, ಆಮೇಲೆ ಪೊಸ್ಕಿಯಾವೊದಿಂದ ತಿರಾನೊವರೆಗಿನ ವಿಸ್ತರಣೆಯನ್ನೂ ಕಟ್ಟಿತು. ಈ ಮೂರನ್ನೂ ಒಟ್ಟಿಗೆ ನೋಡಿದಾಗ ಅದರ ಹಿರಿಮೆ ಗೊತ್ತಾಗುತ್ತದೆ. ಥೂಸಿಸ್‌ನಿಂದ ಹೊರಟು, 65 ಮೀಟರ್ ಎತ್ತರದ ಲಾಂಡ್‌ವಾಸರ್ ಸೇತುವೆಯನ್ನು 100 ಮೀಟರ್ ತ್ರಿಜ್ಯದ ತಿರುವಿನಲ್ಲೇ ದಾಟಿ, ಬೆರ್ಗ್ಯೂನ್ ಮತ್ತು ಪ್ರೇಡಾ ನಡುವಿನ ಸುರುಳಿಗಳನ್ನು ಹತ್ತಿ, 5865 ಮೀಟರ್ ಉದ್ದದ ಆಲ್ಬುಲಾ ಸುರಂಗ ಹಾದು ಎಂಗಡೀನ್ ಕಣಿವೆಗೆ ಇಳಿಯುವುದು, ಅಲ್ಲಿಂದ ಮತ್ತೆ ಬರ್ನಿನಾ ಹತ್ತಿ ಇಟಲಿಗೆ ಇಳಿಯುವುದು: ಪ್ರವಾಸಿ ಒಂದೇ ಹಗಲಿನಲ್ಲಿ ಅನುಭವಿಸುವ ಇಡೀ ವಿನ್ಯಾಸ ಇಲ್ಲಿದೆ.

ಒಂದೇ ಕಂಪನಿಯ ಎರಡು ಹಾದಿಗಳ ಸ್ವಭಾವ ಎಷ್ಟು ಬೇರೆ ಎಂಬುದು ಇಲ್ಲಿ ತಾನಾಗಿ ತಿಳಿಯುತ್ತದೆ. ಆಲ್ಬುಲಾದ ಏರು ಸಾವಿರಕ್ಕೆ 35 ಮಾತ್ರ. ಬೆರ್ಗ್ಯೂನ್‌ನಿಂದ ಪ್ರೇಡಾ ನೇರ ದೂರದಲ್ಲಿ ಐದಾರು ಕಿಲೋಮೀಟರ್; 400 ಮೀಟರಿಗೂ ಹೆಚ್ಚು ಎತ್ತರ ಗಳಿಸಬೇಕು; ಆದ್ದರಿಂದ ಎಂಜಿನಿಯರುಗಳು ಹಾದಿಯನ್ನು ಸುತ್ತಿಸಿ ಸುತ್ತಿಸಿ ಸುಮಾರು 12 ಕಿಲೋಮೀಟರಿಗೆ ಎಳೆದರು. ಉದ್ದ ಹೆಚ್ಚಿಸಿ ಏರು ಉಳಿಸಿದ ಹಾದಿ ಅದು. ಬರ್ನಿನಾದವರು ಏರನ್ನೇ ದುಪ್ಪಟ್ಟು ಮಾಡಿ, ತಿರುವು ಬಿಗಿಮಾಡಿ, ದೊಡ್ಡ ಸುರಂಗದ ಗೋಜಿಗೆ ಹೋಗದೆ ಬೆಟ್ಟದ ಮೈಮೇಲೇ ಹತ್ತಿದರು. ಆಲ್ಬುಲಾದಲ್ಲಿ ಲೋಕೊಮೋಟಿವ್ ಎಳೆಯುವ ಉದ್ದ ಗಾಡಿ, 11 ಕಿಲೋವೋಲ್ಟ್ ಪರ್ಯಾಯ ವಿದ್ಯುತ್. ಬರ್ನಿನಾದಲ್ಲಿ ಮೋಟಾರ್ ಬೋಗಿ, 1000 ವೋಲ್ಟ್ ನೇರ ವಿದ್ಯುತ್. ಎರಡೂ ಸೇರುವ ಪೊಂತ್ರೆಸಿನಾ ನಿಲ್ದಾಣದಲ್ಲಿ ಒಂದು ಹಳಿಯ ಮೇಲಿನ ತಂತಿಗೆ ಎರಡರಲ್ಲಿ ಬೇಕಾದ್ದನ್ನು ಹಾಯಿಸುವ ಏರ್ಪಾಡಿದೆ. 2010ರಿಂದ ಓಡುತ್ತಿರುವ, ಎರಡೂ ವಿದ್ಯುತ್ತಿಗೆ ಒಗ್ಗುವ ಆಲೆಗ್ರಾ ಗಾಡಿಗಳು ಈ ಗಡಿಯನ್ನು ಅಳಿಸಿದವು.

ಕ್ಲಾಸಿಕ್ ಆವೃತ್ತಿಯ ದೌರ್ಬಲ್ಯ ಅದರ ಬುನಾದಿಯಲ್ಲಿದೆ. ಬಂಡೆಗಳ ಮೇಲೆ ಬಣ್ಣದ ಹಾಳೆ ಎಳೆದಂತೆ ಕಾಣುವ ಕಡೆಗಳು ಬಹಳ. ಬೆಳಕು ಒಂದೇ ಬಗೆಯದು. ಎತ್ತರದ ಗಾಳಿಯ ಆ ಗಡಸು ಬಿಸಿಲು, ನೆರಳಿನ ಆ ಕಡುನೀಲಿ ಬರುವುದಿಲ್ಲ. ಗಾಡಿಯ ತೂಕವೂ ಕೈಗೆ ಹಗುರ. ಇಳಿಜಾರಿನಲ್ಲಿ ಬ್ರೇಕ್ ಹಿಡಿದ ಕೂಡಲೇ ಮಾತು ಕೇಳುತ್ತದೆ, ಬಿಟ್ಟ ಕೂಡಲೇ ಬಿಡುತ್ತದೆ. ಆದರೂ ಓಡಿಸುವವರೇ ಸನ್ನಿವೇಶ ಬರೆದು ಹಂಚಿಕೊಳ್ಳಲು, ಹಾದಿಯನ್ನು ತಿದ್ದಲು ಬೇಕಾದ ಉಪಕರಣಗಳನ್ನು ಈ ವೇದಿಕೆ ಮೊದಲಿನಿಂದ ಕೊಟ್ಟಿದೆ. ಒಂದು ಹಾದಿ ವರ್ಷಗಟ್ಟಲೆ ಬದುಕುವುದು ಇದರಿಂದ.

ಟ್ರೇನ್ ಸಿಮ್ ವರ್ಲ್ಡ್ ಬೇರೆ ಪೀಳಿಗೆಯದು. ಅನ್‌ರಿಯಲ್ ಎಂಜಿನ್ 4 ಎಂಬ, ಆಟ ಕಟ್ಟುವ ತಂತ್ರಾಂಶದ ಮೇಲೆ ನಿಂತದ್ದು. ಇಲ್ಲಿ ಚಾಲಕನ ಕೋಣೆಯಿಂದ ಎದ್ದು, ಬೋಗಿಯಲ್ಲಿ ನಡೆದು, ಪ್ಲಾಟ್‌ಫಾರ್ಮಿಗೆ ಇಳಿಯಬಹುದು. ರಿವೆಟ್ ಗೇಮ್ಸ್ ಸಂಸ್ಥೆ ಈ ವೇದಿಕೆಗೆ ಮೊದಲು ಕೂರ್–ಆರೋಸಾ ಹಾದಿಯನ್ನೂ, ಮುಂದೆ ತಿರಾನೊದಿಂದ ಒಸ್ಪಿಜಿಯೊ ಬರ್ನಿನಾವರೆಗಿನ ಹಾದಿಯನ್ನೂ ತಂದಿತು.

ಆರೋಸಾ ಹಾದಿಯ ಆಯ್ಕೆ ಜಾಣತನದ್ದು. 26 ಕಿಲೋಮೀಟರ್ ಉದ್ದ, ಒಂದು ಗಂಟೆಯ ಪಯಣ, ಸಾವಿರಕ್ಕೆ 60ರ ಏರು, 585 ಮೀಟರಿನಿಂದ 1739 ಮೀಟರಿಗೆ. ಚಿಕ್ಕದಾದ್ದರಿಂದ ತುಂಡು ಮಾಡದೆ ಇಡೀ ಹಾದಿಯನ್ನು ಕೊಡಲಾಯಿತು. ಕೂರ್ ಪಟ್ಟಣದ ಬೀದಿಯಲ್ಲಿ ಕಾರುಗಳ ನಡುವೆ ಗಂಟೆ ಬಾರಿಸುತ್ತ ಹೊರಡುವ ಗಾಡಿ, ಕೆಲವೇ ನಿಮಿಷಗಳಲ್ಲಿ ಕಣಿವೆಯ ಗೋಡೆ ಹಿಡಿದು ಹತ್ತತೊಡಗುತ್ತದೆ. 1914ರಲ್ಲಿ ಮುಗಿದ ಲಾಂಗ್ವೀಸ್ ಸೇತುವೆ ಕಲ್ಲಿನದಲ್ಲ, ಬಲವರ್ಧಿತ ಕಾಂಕ್ರೀಟಿನದು. 62 ಮೀಟರ್ ಎತ್ತರದಲ್ಲಿ ಸುಮಾರು 100 ಮೀಟರ್ ಅಗಲದ ಒಂದೇ ಕಮಾನು. ಅದರ ಮೇಲೆ ನಿಂತು ಕೆಳಗೆ ನೋಡಬೇಕೆನಿಸಿದರೆ ಇಲ್ಲಿ ಕಿಟಕಿಗೆ ಹೋಗಿ ನೋಡಬಹುದು. ಬೆಟ್ಟದ ರೈಲಿನ ಕಲೆಯನ್ನು ಹೊಸಬರಿಗೆ ಪರಿಚಯಿಸಲು ನಾನು ಮೊದಲು ತೋರಿಸುವುದು ಇದೇ ಹಾದಿಯನ್ನು. ಆರಂಭ ಮತ್ತು ಅಂತ್ಯ ಎರಡೂ ಅದರಲ್ಲಿವೆ.

ಅದೇ ವೇದಿಕೆಯ ಬರ್ನಿನಾ ಒಸ್ಪಿಜಿಯೊದಲ್ಲಿ ನಿಲ್ಲುತ್ತದೆ. ಇಡೀ ಹಾದಿಯ 61ರಲ್ಲಿ ಸುಮಾರು 38 ಕಿಲೋಮೀಟರ್. ಎಲ್ಲಿ ಕತ್ತರಿಸಿದರು ಎಂಬುದನ್ನು ನಾನು ಯಾವ ಆವೃತ್ತಿಯಲ್ಲೂ ಮೊದಲು ನೋಡುತ್ತೇನೆ, ಏಕೆಂದರೆ ಕಟ್ಟಿದವರು ಹಾದಿಯನ್ನು ಏನೆಂದು ಅರ್ಥ ಮಾಡಿಕೊಂಡಿದ್ದಾರೆ ಎಂಬುದು ಅಲ್ಲಿ ಬಯಲಾಗುತ್ತದೆ. ಕ್ಲಾಸಿಕ್ ಆವೃತ್ತಿ ಪೊಸ್ಕಿಯಾವೊದಲ್ಲಿ ತುಂಡಾಯಿತು. ಅದು ಹಾದಿಯ ಆಡಳಿತಕ್ಕೆ ಸಹಜ ಜಾಗ: ದೊಡ್ಡ ನಿಲ್ದಾಣ, ಡಿಪೊ ಇರುವ ಊರು. ವರ್ಲ್ಡ್ ಆವೃತ್ತಿ ತುದಿಯಲ್ಲೇ ತುಂಡಾಯಿತು. ಇದಕ್ಕೆ ಪರವಾಗಿ ಹೇಳಬೇಕಾದ್ದು ಇದೆ. ತಿರಾನೊದಿಂದ ಒಸ್ಪಿಜಿಯೊವರೆಗಿನ ಭಾಗ ಬರ್ನಿನಾದ ಅತಿ ಕಠಿಣ ಭಾಗ. ದ್ರಾಕ್ಷಿ ಬಳ್ಳಿ, ಚೆಸ್ಟ್‌ನಟ್ ಮರಗಳ ಬಿಸಿ ಕಣಿವೆಯಿಂದ ಮರ ಬೆಳೆಯದ ಕಲ್ಲುಬಯಲಿಗೆ 1824 ಮೀಟರ್ ಹತ್ತುವಿಕೆ ಇಲ್ಲಿ ಎಡೆಬಿಡದೆ ಸಿಗುತ್ತದೆ. ಬ್ರೂಸಿಯೊದ ಸುರುಳಿ, 962 ಮೀಟರಿನಲ್ಲಿರುವ ಪೊಸ್ಕಿಯಾವೊ ಸರೋವರದ ದಂಡೆ, ಕವಾಲ್ಯಾದ ಬಯಲು, 2091 ಮೀಟರಿನ ಆಲ್ಪ್ ಗ್ರೂಮ್‌ನಿಂದ ಕಾಣುವ ಪಾಲೂ ಹಿಮನದಿ ಎಲ್ಲವೂ ಈ ಭಾಗದಲ್ಲೇ ಇವೆ. ಏರು ಕೈಗೆ ಗೊತ್ತಾಗಬೇಕೆಂಬ ನನ್ನ ಮಾತಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ.

ಆದರೆ ಬೆಟ್ಟ ದಾಟುವುದು ಕೂಡ ಒಂದು ಹಾದಿಯ ಅರ್ಥದ ಭಾಗ. ಒಸ್ಪಿಜಿಯೊದ ಪಕ್ಕದಲ್ಲಿರುವ ಲಾಗೊ ಬಿಯಾಂಕೊ ಎರಡು ಅಣೆಕಟ್ಟುಗಳ ನಡುವೆ ನಿಲ್ಲಿಸಿದ ಜಲಾಶಯ. ಅದರ ನೀರು ಪೊಸ್ಕಿಯಾವೊ ಕಣಿವೆಯ ವಿದ್ಯುದಾಗಾರಗಳಿಗೆ ಇಳಿದು, ಆಮೇಲೆ ಆದ್ದಾ ನದಿ ಸೇರಿ, ಪೊ ಮೂಲಕ ಏಡ್ರಿಯಾಟಿಕ್‌ಗೆ ಹೋಗುತ್ತದೆ. ಸ್ವಲ್ಪವೇ ಉತ್ತರಕ್ಕಿರುವ ಲೇ ನಾಯ್ರ್ ಎಂಬ ಪುಟ್ಟ ಕೆರೆಯ ನೀರು ಇನ್ ನದಿಗೆ, ಡಾನ್ಯೂಬಿಗೆ, ಕಪ್ಪು ಸಮುದ್ರಕ್ಕೆ. ಹಳಿ ದಾಟುವ ಬೆಟ್ಟದ ಬೆನ್ನು ಇದೇ. ಅಲ್ಲಿಗೆ ನಿಂತ ಆವೃತ್ತಿಯಲ್ಲಿ ಗಾಡಿ ಬೆಟ್ಟ ಹತ್ತುತ್ತದೆ, ದಾಟುವುದಿಲ್ಲ. ಮೊಂತೆಬೆಲ್ಲೊ ತಿರುವಿನಲ್ಲಿ ಎದುರಿಗೆ ತೆರೆದುಕೊಳ್ಳುವ ಮೊರ್ತೆರಾಚ್ ಹಿಮನದಿ ಇಲ್ಲ, ಪೊಂತ್ರೆಸಿನಾದ ಎರಡು ವಿದ್ಯುತ್ತುಗಳ ಸಂಧಿ ಇಲ್ಲ. ಎರಡೂ ಬದಿಯ ಇಳಿಜಾರಿನಲ್ಲಿ ಗಾಡಿಯ ನಡೆ ಹೇಗೆ ಬೇರೆಯಾಗುತ್ತದೆ ಎಂಬುದನ್ನು ಹೋಲಿಸಲು ಆಗುವುದಿಲ್ಲ. ಹೊಸ ಆವೃತ್ತಿಯಲ್ಲಿ ಬೆಟ್ಟದ ಮೈ ಚೆನ್ನಾಗಿದೆ, ಹಳೆಯದರಲ್ಲಿ ಪಯಣ ಪೂರ್ತಿಯಾಗಿದೆ. ಒಂದನ್ನೇ ಇಟ್ಟುಕೊಳ್ಳಬೇಕೆಂದರೆ ಇವತ್ತಿಗೂ ನಾನು ಹಳೆಯದನ್ನೇ ಇಟ್ಟುಕೊಳ್ಳುತ್ತೇನೆ.

ಬ್ರೇಕಿನ ಬಗ್ಗೆ ತುಸು ಹೆಚ್ಚು ಹೇಳಬೇಕು. ಜಗತ್ತಿನ ಬಹುಪಾಲು ರೈಲ್ವೆಗಳು ಗಾಳಿಯೊತ್ತಡದ ಬ್ರೇಕಿಗೆ ಬದಲಾದ ಮೇಲೂ ರೇಟಿಯನ್ ರೈಲ್ವೆ ತನ್ನ ಬೋಗಿಗಳಲ್ಲಿ ವ್ಯಾಕ್ಯೂಮ್ ಬ್ರೇಕನ್ನು ಬಹುಕಾಲ ಇಟ್ಟುಕೊಂಡಿತು. ಇದು ಹಳೆಯದಕ್ಕೆ ಅಂಟಿಕೊಂಡ ಹಠವಲ್ಲ. ವ್ಯಾಕ್ಯೂಮ್ ಬ್ರೇಕನ್ನು ಹಂತಹಂತವಾಗಿ ಹಾಕಲೂ ಬಹುದು, ಹಂತಹಂತವಾಗಿ ಸಡಿಲಿಸಲೂ ಬಹುದು. ಸರಳವಾದ ಗಾಳಿ ಬ್ರೇಕಿನಲ್ಲಿ ಸಡಿಲಿಸಿದರೆ ಪೂರ್ತಿ ಸಡಿಲ. ಉದ್ದ ಇಳಿಜಾರಿನಲ್ಲಿ ಪದೇ ಪದೇ ಹಾಕಿ ಬಿಟ್ಟರೆ ಸಂಗ್ರಹದ ಗಾಳಿ ತೀರುತ್ತ ಬರುತ್ತದೆ. ಚಾಲಕ ಇಳಿಜಾರಿನಲ್ಲಿ ಮೊದಲು ನೆಚ್ಚುವುದು ಮೋಟಾರಿನ ವಿದ್ಯುತ್ ಬ್ರೇಕನ್ನು. ಬೋಗಿಗಳ ಬ್ರೇಕನ್ನು ಅದರ ಜೊತೆ ಹದವಾಗಿ ಬೆರೆಸುತ್ತಾನೆ. ಸಿಮ್ಯುಲೇಟರನ್ನು ಪರೀಕ್ಷಿಸಲು ಒಂದು ಸುಲಭ ದಾರಿ ಇದೆ. ಆಲ್ಪ್ ಗ್ರೂಮ್‌ನಿಂದ ಕವಾಲ್ಯಾದ ಕಡೆ ಇಳಿಯುವಾಗ ಗಾಡಿಯನ್ನು ಒಂದೇ ವೇಗದಲ್ಲಿ ಹಿಡಿಯಲು ನೋಡಿ. ಒಂದೇ ಸ್ಥಾನದಲ್ಲಿ ಹ್ಯಾಂಡಲ್ ಇಟ್ಟು ಕೈಕಟ್ಟಿ ಕೂರಲು ಆದರೆ ಅಲ್ಲಿ ಏನೋ ಕೊರತೆಯಿದೆ. ಬಿಗಿ ತಿರುವು ಬಂದಾಗ ಗಾಡಿ ತಾನೇ ನಿಧಾನವಾಗಬೇಕು, ತಿರುವು ಬಿಟ್ಟಾಗ ಮುನ್ನುಗ್ಗಬೇಕು. ಆ ಏರಿಳಿತವನ್ನು ಕೈ ಸದಾ ತಿದ್ದುತ್ತಿರಬೇಕು. ಟ್ರೇನ್ ಸಿಮ್ ವರ್ಲ್ಡ್ ಗಾಡಿಯ ಒಂದೊಂದು ಭಾಗವನ್ನೂ ಬಿಡಿಬಿಡಿಯಾಗಿ ಜೋಡಿಸಿ ಲೆಕ್ಕ ಹಾಕುವ ಪದ್ಧತಿಯದು. ಆದ್ದರಿಂದ ಈ ಪರೀಕ್ಷೆಯಲ್ಲಿ ಅದರ ಕೈ ಮೇಲು.

ಶಬ್ದದಲ್ಲೂ ಏರಿನ ಸುದ್ದಿ ಇರುತ್ತದೆ. 45 ಮೀಟರ್ ತಿರುವಿನಲ್ಲಿ ಗಾಲಿಯ ಅಂಚು ಹಳಿಗೆ ಉಜ್ಜಿ ಕೀರಲು ಹೊರಡುತ್ತದೆ, ಗ್ಯಾಲರಿಯೊಳಗೆ ಹೊಕ್ಕಾಗ ಮೋಟಾರಿನ ಗುಂಯ್ ದಪ್ಪವಾಗುತ್ತದೆ. ಇವು ಸರಿಯಿದ್ದರೆ ಕಣ್ಣು ಮುಚ್ಚಿಯೂ ಎಲ್ಲಿದ್ದೇವೆಂದು ಹೇಳಬಹುದು. ಚಾಲಕನ ಕೋಣೆಯಿಂದ ತೆಗೆದ ಈ ಹಾದಿಯ ವೀಡಿಯೊಗಳು ಯೂಟ್ಯೂಬಿನಲ್ಲಿ ಧಾರಾಳವಾಗಿ ಸಿಗುವ ಕಾಲ ಇದು. ಹಿಂದೆ ಪರಿಣತರಿಗೆ ಮಾತ್ರ ಸಾಧ್ಯವಿದ್ದ ಹೋಲಿಕೆಯನ್ನು ಈಗ ಮನೆಯಲ್ಲೇ ಕೂತು ಯಾರಾದರೂ ಮಾಡಬಹುದು.

ಒಂಟಿ ಹಳಿಯ ಹಾದಿಯಲ್ಲಿ ಇನ್ನೊಂದು ಸಂಗತಿ ಇದೆ: ಕ್ರಾಸಿಂಗ್. ಎದುರು ಗಾಡಿ ಬರುವವರೆಗೆ ನಿಲ್ದಾಣದಲ್ಲಿ ಕಾಯಬೇಕು. ಒಂದು ಗಾಡಿ ತಡವಾದರೆ ಕಣಿವೆಯ ಆಚೆಯ ಗಾಡಿಯೂ ತಡ. ಕ್ಲಾಸಿಕ್‌ನಲ್ಲಿ ಇದು ಸನ್ನಿವೇಶ ಬರೆದವನ ಕೈಯಲ್ಲಿದೆ. ಅವನು ಎದುರು ಗಾಡಿ ಬರೆಯದಿದ್ದರೆ ಇಡೀ ಬೆಟ್ಟದಲ್ಲಿ ನೀವೊಬ್ಬರೇ. ವರ್ಲ್ಡ್‌ನಲ್ಲಿ ದಿನವಿಡೀ ನಡೆಯುವ ವೇಳಾಪಟ್ಟಿ ಇದೆ, ನೀವು ಅದರ ಯಾವುದೋ ಗಾಡಿಗೆ ಹತ್ತುತ್ತೀರಿ. ರೈಲ್ವೆ ನಿಮಗಾಗಿ ನಡೆಯುತ್ತಿಲ್ಲ, ನೀವು ಅದರಲ್ಲಿ ಒಬ್ಬರು ಎಂಬ ಭಾವ ಇಲ್ಲಿ ಬರುತ್ತದೆ. ಲೆ ಪ್ರೆಸೆಯಲ್ಲಿ, ತಿರಾನೊದ ಮಡೋನ್ನಾ ಬಸಿಲಿಕಾ ಎದುರಿನ ಚೌಕದಲ್ಲಿ ಹಳಿ ರಸ್ತೆಯಲ್ಲೇ ಹಾಯುವಾಗಲೂ ಇದೇ ಮಾತು. ಸುತ್ತಲಿನ ಊರಿಗೆ ತನ್ನದೇ ಬದುಕಿದ್ದರೆ ಮಾತ್ರ ಅಲ್ಲಿ ವೇಗ ಇಳಿಸುವುದಕ್ಕೆ ಅರ್ಥವಿದೆ.

ಪ್ರತಿ ಆವೃತ್ತಿಯೂ ಒಂದು ಕಾಲದ ದಾಖಲೆ ಎಂಬುದನ್ನು ಹೋಲಿಸುವವರು ಮರೆಯುತ್ತಾರೆ. ಮೊರ್ತೆರಾಚ್ ಹಿಮನದಿಯ ತುದಿ 20ನೇ ಶತಮಾನದ ಆರಂಭದಲ್ಲಿ ನಿಲ್ದಾಣಕ್ಕೆ ತೀರ ಹತ್ತಿರದಲ್ಲಿತ್ತು. 19ನೇ ಶತಮಾನದ ಕೊನೆಯಿಂದ ಈಚೆಗೆ ಅದು ಸುಮಾರು 3 ಕಿಲೋಮೀಟರ್ ಹಿಂದೆ ಸರಿದಿದೆ. ಪಾಲೂ ಹಿಮನದಿಯೂ ಬಂಡೆಯ ಮೇಲಕ್ಕೆ ಸರಿಯುತ್ತಿದೆ. ಹಳೆಯ ಆವೃತ್ತಿಯಲ್ಲಿ ಹಿಮ ಹೆಚ್ಚಾಗಿ ಕಂಡರೆ ಅದನ್ನು ತಪ್ಪೆಂದು ಗುರುತು ಹಾಕುವ ಮೊದಲು ಅವರು ಯಾವ ವರ್ಷದ ಫೋಟೊ ಬಳಸಿದರೆಂದು ಯೋಚಿಸಬೇಕು. ಆಲ್ಬುಲಾದಲ್ಲೂ ಹೀಗೆಯೇ. ಹಳೆಯ ಸುರಂಗದ ಪಕ್ಕದಲ್ಲಿ ಕೊರೆದ ಹೊಸ ಸುರಂಗ 2024ರ ಜೂನ್‌ನಲ್ಲಿ ಸಂಚಾರಕ್ಕೆ ತೆರೆಯಿತು. ಅಂದಿನಿಂದ ಥಾಮ್ಸನ್ ಆಲ್ಬುಲಾದ ಪ್ರೇಡಾ ಚರಿತ್ರೆಗೆ ಸೇರಿತು. 1903ರ ಸುರಂಗದೊಳಗೆ ಚಾಲಕನ ಕಣ್ಣಿನಿಂದ ಹಾಯಬೇಕೆಂದರೆ ಇನ್ನು ಇಂಥ ಆವೃತ್ತಿಗಳೇ ಗತಿ. ಇದು ಅವುಗಳ ಬೆಲೆಯನ್ನು ಹೆಚ್ಚಿಸಿದೆಯೆಂದು ನಾನು ತಿಳಿಯುತ್ತೇನೆ.

ಬೆರ್ಗ್ಯೂನ್‌ನ ಆಲ್ಬುಲಾ ರೈಲು ಸಂಗ್ರಹಾಲಯದ ಮುಂದೆ ಹಳೆಯ ಕ್ರೊಕೊಡೈಲ್ ಲೋಕೊಮೋಟಿವ್ ಒಂದು ನಿಂತಿದೆ. ಅದರ ಚಾಲಕ ಕೋಣೆಯಲ್ಲಿ ಸಿಮ್ಯುಲೇಟರ್ ಅಳವಡಿಸಿದ್ದಾರೆ. ಭೇಟಿ ಕೊಟ್ಟವರು ನಿಜವಾದ ಹ್ಯಾಂಡಲ್ ಹಿಡಿದು ಆಲ್ಬುಲಾ ಹತ್ತಬಹುದು. ಹ್ಯಾಂಡಲಿನ ಗಾತ್ರ, ಅದನ್ನು ತಿರುಗಿಸಲು ಬೇಕಾದ ಬಲ ಇವನ್ನು ಮನೆಯ ಕೀಬೋರ್ಡ್ ಕೊಡಲಾರದು. ಎಂಜಿನ್ ಸತ್ಯ, ಹಾದಿ ಚಿತ್ರ ಎಂಬ ಈ ಜೋಡಣೆ ಮಾರುಕಟ್ಟೆಯ ಯಾವ ಆವೃತ್ತಿಗೂ ಇಲ್ಲದ ಮಾರ್ಗವೊಂದನ್ನು ತೋರಿಸುತ್ತದೆ.

ನಮ್ಮ ಕಡೆಯ ಓದುಗರು ಈ ಸ್ವಿಸ್ ಹಾದಿಗೆ ಪೂರ್ತಿ ಅಪರಿಚಿತರೇನಲ್ಲ. ಊಟಿ ರೈಲಿನ ಹಲ್ಲುಹಳಿ ಪದ್ಧತಿ ಸ್ವಿಸ್ ಎಂಜಿನಿಯರ್ ರೋಮನ್ ಆಬ್ಟ್‌ನದು. ಅದರ ಹಲವು ಉಗಿ ಎಂಜಿನ್‌ಗಳು ವಿಂಟರ್‌ಟೂರ್‌ನ ಕಾರ್ಖಾನೆಯಿಂದ ಬಂದವು. ಗೇಜ್ ಎರಡರದೂ ಒಂದೇ, ಮೀಟರ್. ನೀಲಗಿರಿಯ ಏರು ಸಾವಿರಕ್ಕೆ 80ನ್ನೂ ಮೀರುತ್ತದೆ, ಅದಕ್ಕೇ ಹಲ್ಲು ಬೇಕಾಯಿತು. ಬರ್ನಿನಾ ಅದರ ಹತ್ತಿರದವರೆಗೂ ಹಲ್ಲಿಲ್ಲದೆ ಹೋಗುತ್ತದೆ. ಮೆಟ್ಟುಪಾಳ್ಯಂನಿಂದ ಕೂನೂರಿಗೆ ಹತ್ತುವಾಗ ಎಂಜಿನ್ ಉಸಿರು ಬಿಡುವ ರೀತಿಯನ್ನು ಕೇಳಿದವರಿಗೆ, ಸಾವಿರಕ್ಕೆ 70 ಎಂಬ ಅಂಕಿ ಕಾಗದದ ಮೇಲಿನದಾಗಿ ಉಳಿಯುವುದಿಲ್ಲ.

ಮುಂದೆ ಯಾರೇ ಬರ್ನಿನಾವನ್ನು ಮತ್ತೊಮ್ಮೆ ಕಟ್ಟಲಿ, ಅವರಿಗೆ ಅರ್ಧ ಮೀಟರಿನ ಸ್ವಿಸ್ ಭೂಮಾಹಿತಿ ಉಚಿತವಾಗಿ ಸಿಗುತ್ತದೆ, ವೀಡಿಯೊಗಳು ಸಿಗುತ್ತವೆ, ಎರಡು ದೊಡ್ಡ ಆವೃತ್ತಿಗಳ ಅನುಭವ ಕಣ್ಣ ಮುಂದಿದೆ. ಅವರು ತಿರಾನೊದಿಂದ ಸೇಂಟ್ ಮೊರಿಟ್ಜ್‌ವರೆಗೆ ಕತ್ತರಿ ಹಾಕದೆ ಕಟ್ಟಬೇಕು. ಒದ್ದೆ ಹಳಿಯಲ್ಲಿ ಗಾಲಿ ಜಾರಬೇಕು, ಬ್ರೇಕ್ ನಿಧಾನವಾಗಿ ಬಿಡಬೇಕು. ಜೊತೆಗೆ ಇನ್ನೊಂದು. 1910ರಲ್ಲಿ ಬರ್ನಿನಾಕ್ಕಾಗಿ ಮಾಡಿಸಿದ ಉಗಿ ಚಾಲಿತ ಹಿಮ ತೆಗೆಯುವ ಯಂತ್ರ, 9213 ಸಂಖ್ಯೆಯದು, ಇಂದಿಗೂ ಉಳಿದಿದೆ. ಎದುರಿನ ಚಕ್ರವನ್ನು ತಿರುಗಿಸಿ ಹಿಮ ಎರಚುವುದಕ್ಕೂ, ತಾನೇ ಮುಂದೆ ಸಾಗುವುದಕ್ಕೂ ಅದರಲ್ಲಿ ಉಗಿಯೇ ಶಕ್ತಿ. ತಂತಿಯಲ್ಲಿ ವಿದ್ಯುತ್ ಇಲ್ಲದ ದಿನವೂ ಅದು ಹಾದಿ ಬಿಡಿಸಬಲ್ಲದು. ಹಿಮವನ್ನು ಬರೀ ಬಿಳಿ ಬಣ್ಣವಾಗಿ ಬಿಡದೆ ತೂಕವಿರುವ, ತಳ್ಳಬೇಕಾದ, ದಾರಿ ಕಟ್ಟುವ ವಸ್ತುವಾಗಿ ಲೆಕ್ಕಕ್ಕೆ ತೆಗೆದುಕೊಂಡ ಆವೃತ್ತಿಯಲ್ಲಿ ಈ ಯಂತ್ರವನ್ನು ಓಡಿಸಲು ಸಾಧ್ಯವಾದರೆ, ಹಿಂದಿನ ಎರಡನ್ನೂ ಪಕ್ಕಕ್ಕಿಟ್ಟು ನಾನು ಅದನ್ನೇ ಆರಿಸಿಕೊಳ್ಳುತ್ತೇನೆ.